ಬೆವರು ಬಾರದವರು

ಗವಿಪುರದ ಮೂರನೇ ಅಡ್ಡರಸ್ತೆ,
ಹೊಂಗೆ ಮರದ ಕೆಳಗೆ ನನ್ನ ಇಸ್ತ್ರಿ ಗಾಡಿ.
ಏಪ್ರಿಲ್ಲು. ಮಧ್ಯಾಹ್ನ ಎರಡು.
ಪೆಟ್ಟಿಗೆಯೊಳಗೆ ಕೆಂಡ, ನೆತ್ತಿಗೆ ಸೂರ್ಯ,
ನಡುವೆ ನಾನು, ಯಾರದೋ ಮದುವೆಯ ಜರಿಪಂಚೆ.

ಎದುರಿನ ಕೇಬಲ್ಲಿನ ಮೇಲೆ ಕಾಗೆ
ಕೊಕ್ಕು ತೆರೆದು ಕೂತಿದೆ. ಸದ್ದಿಲ್ಲ.
ಏನೋ ಹೇಳಲು ಹೊರಟು
ಮರೆತು ನಿಂತವರ ಹಾಗೆ.
ರೆಕ್ಕೆಗಳನ್ನು ಮೈಯಿಂದ ಚೂರು ದೂರ ಹಿಡಿದಿದೆ,
ಕಂಕುಳಲ್ಲಿ ಬಿಗಿಯುವ ಹೊಸ ರವಿಕೆ ತೊಟ್ಟವಳಂತೆ.

ಬಾಯಾರಿಕೆ ಅಂದುಕೊಂಡೆ.
ಐಸ್‌ಕ್ರೀಮ್ ಡಬ್ಬಿಯಲ್ಲಿ ನೀರಿಟ್ಟೆ.
ಕುಡಿಯಿತು. ಹೋಗಿ
ಮತ್ತೆ ಬಾಯಿ ತೆರೆದು ಕೂತಿತು.

ಯೂನಿಫಾರಂ ತಗೊಳ್ಳಲು ಬಂದ ಮೇದಿನಿ,
ಎಂಟನೇ ಕ್ಲಾಸು, ಹೇಳಿದಳು:
"ಹಕ್ಕಿಗೆ ಬೆವರೇ ಬರಲ್ಲ ಆಂಟಿ,
ಉಸಿರಲ್ಲೇ ಸೆಕೆ ಆಚೆ ಹಾಕುತ್ತೆ."

ಬೆವರೇ ಬರಲ್ಲವಂತೆ!
ನಕ್ಕೆ. ಒಳಗೊಳಗೆ ಹೊಟ್ಟೆಕಿಚ್ಚು.
ನನ್ನ ಬೆನ್ನ ಮೇಲೆ ಉಪ್ಪು
ದಿನಾ ಒಂದು ಊರಿನ ನಕ್ಷೆ ಬರೆಯುತ್ತದೆ.
ಹಣೆಯಿಂದೊಂದು ಹನಿ ಜಾರಿದರೆ ರೇಷ್ಮೆಗೆ ಕಲೆ,
ಕಲೆಗೆ ನಾನು ಹೊಣೆ.

ಅವತ್ತಿನಿಂದ ನೋಡುತ್ತೇನೆ.
ಹಲ್ಲಿನ ಡಾಕ್ಟರ ಎ.ಸಿ. ಪೈಪಿನಿಂದ
ತೊಟ್ಟು ತೊಟ್ಟು ಬೀಳುವ ನೀರಿಗೆ
ಮೈನಾಗಳ ಸರದಿ, ಥೇಟು
ನಮ್ಮ ಕೇರಿಯ ನಲ್ಲಿಯ ಜಗಳ.
ಕೆಂಪಾಂಬುಧಿ ಕೆರೆಯಲ್ಲಿ ಹೆಜ್ಜಾರ್ಲೆ
ಗಂಟಲ ಚೀಲ ಪಟಪಟ ಅದುರಿಸುತ್ತದೆ,
ಸೆರಗಲ್ಲಿ ಗಾಳಿ ಬೀಸಿಕೊಂಡಂತೆ.
ಬೆಳ್ಳಕ್ಕಿ ಬರಿಗಾಲನ್ನು ನೀರಲ್ಲಿಟ್ಟು
ಯಾರ ಬಾಕಿಯೂ ಇಲ್ಲವೆಂಬಂತೆ ನಿಲ್ಲುತ್ತದೆ.
ಹದ್ದುಗಳು ಮಾತ್ರ ಮೇಲೆ, ಇನ್ನೂ ಮೇಲೆ,
ಚುಕ್ಕೆಯಾಗಿ ಹೋಗುತ್ತವೆ. ಅಲ್ಲಿ ತಂಪಂತೆ.
ನನಗೇನು ಗೊತ್ತು,
ಬಟ್ಟೆ ಕೊಡಲು ಮೂರನೇ ಮಹಡಿ ಹತ್ತಿದ್ದೇ ಹೆಚ್ಚು.

ಇವತ್ತು ತಡೆಯಲಾಗಲಿಲ್ಲ.
ಪೆಟ್ಟಿಗೆ ಪಕ್ಕಕ್ಕಿಟ್ಟು, ಚಪ್ಪಲಿ ಬಿಟ್ಟು,
ಬಟ್ಟೆಗೆ ಚಿಮುಕಿಸುವ ನೀರಿನ ಬಕೆಟ್ಟಿನಲ್ಲಿ
ಎರಡೂ ಕಾಲಿಳಿಸಿದೆ.
ತೋಳು ಮೈಯಿಂದ ಸರಿಸಿ,
ಬಾಯಿ ತೆರೆದೆ.
ಕಾಗೆ ತಲೆ ವಾಲಿಸಿ ನೋಡಿತು.

"ಏನು ಮುನಿರತ್ನಮ್ಮ, ಹುಷಾರಿಲ್ವಾ?"
ಪಂಚೆಗೆ ಬಂದಿದ್ದ ಸಂಪಂಗಿರಾಮಯ್ಯ.
ಉತ್ತರ ಕೊಡಬೇಕಾದರೆ
ಬಾಯಿ ಮುಚ್ಚಬೇಕು ಮೊದಲು.

ಮುಚ್ಚಿದೆ. ಕಾಲೊರೆಸಿಕೊಂಡೆ.
ಆರುತ್ತಿದ್ದ ಕೆಂಡಕ್ಕೆ
ಇದ್ದ ಉಸಿರೆಲ್ಲ ಊದಿದೆ.
ಬೂದಿ ಹಾರಿತು, ಕೆಂಪಾಯಿತು.

ಕಾಗೆ ಇನ್ನೂ
ತೆರೆದೇ ಕೂತಿತ್ತು.