ಓದುವವರು ಯಾರು

ಆಷಾಢ. ಚಿತ್ರದುರ್ಗ, ಪಾಲಿಟೆಕ್ನಿಕ್ಕಿನ ಎರಡನೇ ಮಹಡಿ.
ಕಿಟಕಿಯ ಒಂದು ಗಾಜು ಹೋಗಿ ಮೂರು ವರ್ಷ,
ಅಲ್ಲಿಗೆ ಅಂಟಿಸಿದ ಹಳೇ ಕ್ಯಾಲೆಂಡರು
ಉಬ್ಬುತ್ತದೆ, ಮತ್ತೆ ಚೌಕಟ್ಟಿಗೆ ಬಡಿಯುತ್ತದೆ.
ಗಾಳಿಯಂತ್ರದ ಸಮ್ಮೇಳನಕ್ಕೆ
ಗಾಳಿಯೇ ಮೊದಲು ಬಂದು ಕೂತಿದೆ, ಅಂದೆ.
ಯಾರೂ ನಗಲಿಲ್ಲ. ಲೆಕ್ಕ ನಡೆದಿತ್ತು.

ನೂರೈದು ಪ್ರಬಂಧ. ಒಂದೊಂದನ್ನೂ ಮೂವರು ಓದಬೇಕು.
ಹದಿನೈದು ಜನರಾದರೆ ತಲೆಗೆ ಇಪ್ಪತ್ತೊಂದು,
ಶಫೀವುಲ್ಲಾ ಬೋರ್ಡಿನ ಮೇಲೆ ಬರೆದು
ಅಡಿಗೆರೆ ಎಳೆದ. ಸಂಬಳವಿಲ್ಲ.
ಒಂದು ಹೊತ್ತಿನ ಊಟ, ಒಂದು ಚೀಲ,
ಕೊರಳಿಗೆ ಹೆಸರಿನ ದಾರ.
ಆದರೂ ಅರ್ಜಿ ಅರವತ್ತೇಳು.

ಮೊದಲನೆಯದೇ ಒಂಬತ್ತು ಪುಟ.
ಫೋಟೋದಲ್ಲಿ ಶಾಲು, ಹಾರ, ಹಿಂದೊಂದು ಬ್ಯಾನರು.
"ಏಳು ಸಮಿತಿಗಳಲ್ಲಿ ಸೇವೆ." ಹೌದು, ಬಲ್ಲೆವು:
ಹೋದ ಸಲ ಇಪ್ಪತ್ತು ಪ್ರಬಂಧಕ್ಕೆ ಒಂದೇ ರಾತ್ರಿ,
ಎಲ್ಲಕ್ಕೂ ಒಂದೇ ವಾಕ್ಯ:
ಚೆನ್ನಾಗಿದೆ, ಇನ್ನೂ ಚೆನ್ನಾಗಬಹುದಿತ್ತು.
ಇನ್ನೊಬ್ಬರಿಗೆ ಬಡ್ತಿಯ ಅಂಕ ಬೇಕು.
ಬಚ್ಚಿಟ್ಟಿಲ್ಲ, ಹಾಗೇ ಬರೆದಿದ್ದಾರೆ,
ಅವರ ಮೇಲೆ ನನಗೆ ಕೋಪ ಬರಲಿಲ್ಲ.
ಹೊಳಲ್ಕೆರೆಯ ದಾಕ್ಷಾಯಣಿ:
"ನನ್ನ ವಿದ್ಯಾರ್ಥಿಗಳದ್ದು ನಾಲ್ಕು ಬರುತ್ತವೆ.
ಅವನ್ನು ನನ್ನ ಕೈಗೆ ಕೊಡಬೇಡಿ,
ಕೇಳಿದರೂ ಕೊಡಬೇಡಿ."
ಟಿಕ್ಕು ಹಾಕಲು ಪೆನ್ನೇ ಮುಂದೆ ಹೋಯಿತು.

ನಲವತ್ತೊಂದನೆಯ ಅರ್ಜಿಗೆ
ಕರಿಬಸಪ್ಪ ಸಾರ್ ತಂದ ಮಂಡಕ್ಕಿಯ ಎಣ್ಣೆ ತಗಲಿತ್ತು.
ಹೆಸರು: ಗಾದ್ರಿಪಾಲಯ್ಯ. ಓದು: ಐಟಿಐ, ಫಿಟ್ಟರ್.
ಅನುಭವ: ಹದಿಮೂರು ವರ್ಷ, ಜೋಗಿಮಟ್ಟಿ ಸಾಲಿನ ಕಂಬಗಳು.
ಯಾಕೆ ಬರಬೇಕೆಂದಿದ್ದೀರಿ ಎನ್ನುವ ಖಾನೆಯಲ್ಲಿ:
"ಬರೆದವರು ಮೇಲೆ ಹತ್ತಿದ್ದಾರೋ ಇಲ್ಲವೋ
ಎರಡನೇ ಪುಟಕ್ಕೆ ನನಗೆ ತಿಳಿಯುತ್ತದೆ.
ಇಂಗ್ಲಿಷ್ ನಿಧಾನ. ಆದರೆ ಪೂರ್ತಿ ಓದುತ್ತೇನೆ."

"ಡಾಕ್ಟರೇಟು ಎಲ್ಲಿ?" ಅಂದರು ಸಾರ್,
ಕನ್ನಡಕವನ್ನು ಹಣೆಗೇರಿಸಿ,
ಅಂದರೆ ಮಾತು ಮುಗಿಯಿತೆಂದು.
ನಿಯಮದ ಹಾಳೆ ತೆಗೆದೆ. ನಾವೇ ಬರೆದದ್ದು:
ಡಾಕ್ಟರೇಟು ಅಥವಾ ಹತ್ತು ವರ್ಷದ ಕೆಲಸ.
ಆ 'ಅಥವಾ' ಅಲ್ಲಿ ಕೂತಿತ್ತು
ಮದುವೆಮನೆಗೆ ಕರೆದು ಮರೆತ ನೆಂಟನ ಹಾಗೆ,
ಎಲೆ ಹಾಕುವ ತನಕ ಬಾಯಿ ಬಿಡದೆ.

ನನ್ನದೊಂದು ಹಳೇ ಕತೆ ಇದೆ, ಅಲ್ಲಿ ಹೇಳಲಿಲ್ಲ.
ಇಪ್ಪತ್ತೇಳರ ಪ್ರಾಯ. ರೆಕ್ಕೆಯ ಬಿರುಕಿನ ಮೇಲೆ
ಹನ್ನೊಂದು ತಿಂಗಳ ದುಡಿಮೆ.
ವಾಪಸು ಬಂದ ಕಾಗದದಲ್ಲಿ ಒಂದೇ ಪದ: ಸಾಲದು.
ಏನು ಸಾಲದು? ಎಷ್ಟು ಸಾಲದು?
ಬಸ್ಸಿನಲ್ಲಿ, ಒಲೆಯ ಮುಂದೆ,
ಮಗುವಿನ ಕಾಲು ಸೋಂಕಿ ಎಚ್ಚರಾದ ನಡುರಾತ್ರಿ
ಆ ಪದವನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ
ಕೀಲಿ ಇಲ್ಲದ ಬೀಗವನ್ನು ನೋಡಿದ ಹಾಗೆ.
ಓದಿದವರು ಯಾರೋ. ಓದಿದರೋ ಇಲ್ಲವೋ.

ಫೋನು ಹಚ್ಚಿದೆ. ಬರೀ ಗಾಳಿ, ಆಮೇಲೆ ದನಿ:
"ಮೇಲಿದೀನಿ ಮೇಡಂ, ಹೇಳಿ."
ಹೇಳಿದೆ. ಸ್ವಲ್ಪ ಹೊತ್ತು ಏನೂ ಇಲ್ಲ.
"ಬ್ಯಾಡ ಅನ್ನಬೇಕಾದ್ರೆ
ಬರೆದೋರಿಗೆ ನಾನೇ ಫೋನ್ ಮಾಡಬಹುದಾ?"
"ಇಲ್ಲ, ಹೆಸರು ಮುಚ್ಚಿರ್ತೀವಿ."
"ನಂದೂ?"
"ನಿಮ್ಮದೂ."
"ಹಂಗಾದ್ರೆ ಇನ್ನೂ ಹುಷಾರಾಗಿ ಬರೀಬೇಕು" ಅಂದರು.
"ಇಳಿದು ಮಾತಾಡ್ತೀನಿ."

ಸಂಜೆ ಏಳಕ್ಕೆ ಪಟ್ಟಿ ಸಿದ್ಧ.
ಕರಿಬಸಪ್ಪ ಸಾರ್ ಸಹಿ ಹಾಕಿ "ನಿಮ್ಮ ಜವಾಬ್ದಾರಿ" ಅಂದು
ಉಳಿದ ಮಂಡಕ್ಕಿ ಪೊಟ್ಟಣ ಕಟ್ಟಿಕೊಂಡು ಹೊರಟರು.
ಇನ್ನು ಐವತ್ತೆರಡು ಕಾಗದ, ಬೇಡವೆಂದವರಿಗೆ.
ಒಬ್ಬೊಬ್ಬರಿಗೂ ಕಾರಣ ಬರೆಯೋಣ ಅಂದವಳು ನಾನೇ.
ಶಫೀವುಲ್ಲಾ ಹೋಗುವಾಗ
ಒಂದು ದೀಪ ಮಾತ್ರ ಆರಿಸದೆ ಬಿಟ್ಟ.

ಮೊದಲ ಕಾಗದ, ಆ ಒಂಬತ್ತು ಪುಟದವರಿಗೆ.
ಮಾನ್ಯರೇ, ತಮ್ಮ ಅನುಭವ
ಬೆರಳು ತಾನಾಗಿ ಒತ್ತಿತು: ಸಾ
ಅಳಿಸಿದೆ.
ಕ್ಯಾಲೆಂಡರು ಬಡಿಯುತ್ತಲೇ ಇತ್ತು.
ಮತ್ತೆ ಮಾನ್ಯರೇ ಎಂಬಲ್ಲಿಂದ ಶುರು ಮಾಡಿದೆ.