ನೂರಹತ್ತು ಬಾರ್

ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆಯಲ್ಲಿ
ಪ್ಯಾರೇಜಾನ್ ವಾಟರ್ ಸರ್ವಿಸ್ ಮುಚ್ಚಿದ ದಿನ
ರ‍್ಯಾಂಪಿನ ಕಬ್ಬಿಣ ಗುಜರಿಗೆ ಹೋಯಿತು,
ಶಾಂಪೂ ಡಬ್ಬ ಯಾರೋ ಎತ್ತಿಕೊಂಡರು.
ಪ್ರೆಶರ್ ವಾಷರ್ ಮಾತ್ರ
ನನ್ನ ವೈಂಡಿಂಗ್ ಅಂಗಡಿ ಬಾಗಿಲಲ್ಲಿ ಕೂತಿತ್ತು,
ಕಿವಿ ಹಿಡಿದು ಎಳೆತಂದ ಹುಡುಗನ ಹಾಗೆ.

‘ಕೊಡೋದಷ್ಟು ಕೊಡು’ ಅಂದ. ಒಂಬೈನೂರು ಕೊಟ್ಟೆ.
ಅವನು ಎಣಿಸಲಿಲ್ಲ. ನಾನು ಅವನ ಮುಖ ನೋಡಲಿಲ್ಲ.

ಇದರ ಸಿಟ್ಟು ನನಗೆ ಗೊತ್ತು.
ಟ್ರ್ಯಾಕ್ಟರ್ ಚಕ್ರಕ್ಕೆ ಮೆತ್ತಿದ ಕೆಮ್ಮಣ್ಣನ್ನು
ತೊಗಲು ಸುಲಿದ ಹಾಗೆ ಸುಲಿಯುತ್ತಿತ್ತು.
ಹದಿನಾರರಲ್ಲಿ ಇಂಥದ್ದೇ ಒಂದರ ಕೈಕೆಳಗೆ ದುಡಿದಿದ್ದೆ;
ಒಂದು ಸಲ, ಒಂದೇ ಸಲ,
ಬರಿಗಾಲ ಮೇಲೆ ಹಾದುಹೋಯಿತು ನೀರು.
ಹೆಬ್ಬೆರಳ ಪಕ್ಕ ಇವತ್ತಿಗೂ ಬಿಳೀ ಗೆರೆ,
ಸೀಮೆಸುಣ್ಣದಲ್ಲಿ ಎಳೆದಿಟ್ಟಂತೆ.

ಬಿಚ್ಚಿದೆ.
ಎಣ್ಣೆಗೆ ನೀರು ಸೇರಿ
ಹಾಲು ಜಾಸ್ತಿಯಾದ ಕಾಫಿ.
ಕೆಪಾಸಿಟರ್ ಹೊಟ್ಟೆ ಉಬ್ಬಿ ಸತ್ತಿದೆ.
ಸೀಲುಗಳು ಹಳೇ ಚಪ್ಪಲಿ ಬಾರು.
ವಾಲ್ವಿನ ಬಾಯಲ್ಲಿ ಮರಳು, ಮರಳಿನ ನಡುವೆ
ಆಟೋದ ಹಳದಿ ಬಣ್ಣದ ಒಂದು ಚಕ್ಕೆ.
ತೊಳೆದ ನೀರನ್ನೇ ಸೋಸಿ ಮತ್ತೆ ಎಳೆಯುತ್ತಿದ್ದ ಪ್ಯಾರೇಜಾನ್,
ಕಡೇ ವರ್ಷ, ಟ್ಯಾಂಕರ್ ದುಡ್ಡು ಉಳಿಸಲು.
ಯಾರಿಗೂ ಹೇಳಿರಲಿಲ್ಲ.
ಪಂಪು ಹೇಳಿತು.

ಆದರೆ ಮೂರು ಪ್ಲಂಜರು, ಬಿಳೀ ಪಿಂಗಾಣಿ,
ಒಂದು ಗೀರಿಲ್ಲ.
ಅವನ್ನು ಬನಿಯನ್ ತುಂಡಿನಲ್ಲಿ ಸುತ್ತಿಟ್ಟೆ.

ಚಿಕ್ಕಬಳ್ಳಾಪುರದ ಅಂಗಡಿಯವನು ಸೀಲು ಮೂಸಿಯೂ ನೋಡದೆ
‘ಈ ಕಂಪನೀದು ಬರಲ್ಲಣ್ಣ’ ಅಂದ.
ನಂದಿ ಕ್ರಾಸಿನಲ್ಲಿ ದ್ರಾಕ್ಷಿ ತೋಟದ ಸ್ಪ್ರೇ ಪಂಪಿನ ಸೀಲು ಸಿಕ್ಕಿತು,
ಕೂದಲೆಳೆಯಷ್ಟು ದಪ್ಪ.
ಉಪ್ಪುಕಾಗದ ಹಿಡಿದು ತಿಕ್ಕಿದೆ, ಅಳೆದೆ, ತಿಕ್ಕಿದೆ.
ಊಟಕ್ಕೆ ಕರೆದ ಹೆಂಡತಿ ಎರಡನೇ ಸಲ ಕರೆಯಲಿಲ್ಲ.

ಮಳ್ಳೂರಿನ ಅಕ್ಕಯ್ಯಮ್ಮ ಚಾಕಿ ಸಾಕುತ್ತಾಳೆ:
ಮೊಟ್ಟೆಯೊಡೆದು ಎರಡು ದಿನವಾದ ರೇಷ್ಮೆಹುಳ,
ತಟ್ಟೆ ತುಂಬ ಕತ್ತರಿಸಿ ಚೆಲ್ಲಿದ ಕಪ್ಪು ಕೂದಲು.
ಮಾರ್ಚಿ ಬಿಸಿಲಿಗೆ ಸೊಪ್ಪು ಬಾಡುವ ಮೊದಲೇ
ಅವು ಬಾಡುತ್ತವೆ.
ಗೋಣಿಚೀಲ ನೆನೆಸಿ ನೆನೆಸಿ ತೂಗುಹಾಕಿ
‘ತೋಳು ಬಿದ್ದೋಯ್ತು ಕಣಪ್ಪ’ ಅಂದಿದ್ದಳು.

ಮಿಷನ್ನು ಇಳಿಸಿದ್ದು ನೋಡಿ ಬಾಗಿಲಿಗೆ ಅಡ್ಡ ನಿಂತಳು.
‘ಲಾರಿ ತೊಳೆಯೋದನ್ನ ತಂದಿದ್ದೀಯಲ್ಲ,
ನನ್ನ ಮರಿಗಳು ಗೋಡೆಗೆ ಅಂಟ್ಕೋತವೆ.’

ಹಾಗಾಗಿ ಮೊದಲು ಮೆತ್ತಗೆ ಮಾಡಿದೆ.
ಸ್ಕ್ರೂ ಸಡಿಲಿಸಿ, ಒತ್ತಡ ಇಳಿಸಿ,
ಬುದ್ಧಿ ಹೇಳಿದ ಹಾಗೆ.
ಖಾಲಿ ತಟ್ಟೆಗಳ ಮೇಲೆ
ತೊಟತೊಟ ದಪ್ಪ ಹನಿ ಬಿತ್ತು.
ಅಕ್ಕಯ್ಯಮ್ಮ ಸೆರಗಲ್ಲಿ ತಟ್ಟೆ ಒರೆಸುತ್ತಾ
ಏನೂ ಅನ್ನಲಿಲ್ಲ. ಅದೇ ಕಷ್ಟ.

ಮಾರನೇ ರಾತ್ರಿ ಹೊಳೆಯಿತು, ಬಚ್ಚಲಲ್ಲಿ ಬಾಯಿ ಮುಕ್ಕಳಿಸುವಾಗ:
ಸಿಟ್ಟು ಇಳಿಸಬೇಕಾಗಿರಲಿಲ್ಲ.
ಬಾಯಿ ಸಣ್ಣದಾಗಬೇಕಿತ್ತು.

ಸ್ಕ್ರೂ ಮತ್ತೆ ಬಿಗಿದೆ. ನೂರಹತ್ತು ಬಾರ್, ಪೂರ್ತಿ.
ಹನ್ನೆರಡು ಹಿತ್ತಾಳೆ ನಳಿಕೆ, ಸೂಜಿಮೊನೆಯಷ್ಟು ತೂತು.
ಮಿಕ್ಕಿದ ನೀರು ಸುತ್ತಿ ಬಂದು ಡ್ರಮ್ಮಿಗೇ.
ಬೋರ್‌ವೆಲ್ ಉಪ್ಪಿಗೆ ಮೂರೇ ದಿನಕ್ಕೆ ಕಟ್ಟಿಕೊಂಡವು;
ಹುಣಸೆಹುಳಿಯಲ್ಲಿ ಒಂದು ರಾತ್ರಿ ನೆನೆಸಿ,
ಶೀಟಿನ ಮೇಲಿಂದ ಹಿಡಿದಿಟ್ಟ ಮಳೆನೀರಿಗೆ ಜೋಡಿಸಿದೆ.

ಸ್ವಿಚ್ಚು.
ಸದ್ದು ಹಳೆಯದೇ.
ಆದರೆ ಸೂರಿನ ಕೆಳಗೆ
ಜನ ನಸುಕಿನಲ್ಲೆದ್ದು ಬೈಕೇರಿ
ನಂದಿಬೆಟ್ಟಕ್ಕೆ ಹುಡುಕಿಕೊಂಡು ಹೋಗುವ ಮಂಜು.
ಅಕ್ಕಯ್ಯಮ್ಮ ಕೈ ಚಾಚಿದಳು,
ಅಂಗೈ ಬಲುಹೊತ್ತು ಒದ್ದೆಯಾಗಲಿಲ್ಲ.

ಪ್ಯಾರೇಜಾನ್ ಈಗ ಸೊಪ್ಪಿನ ಟೆಂಪೋ ಓಡಿಸುತ್ತಾನೆ.
ಮೂಟೆ ಇಳಿಸಿ, ಬಾಗಿಲ ಸಂದಿಯಿಂದ ನೋಡಿ,
‘ನನ್ನ ಹತ್ರ ಇದ್ದಾಗ ಹಿಂಗಿರಲಿಲ್ಲ’ ಅಂದ.
ಹಿಂಗೇ ಇತ್ತು ಅನ್ನೋಣವೆಂದುಕೊಂಡೆ.
ಹಳದಿ ಚಕ್ಕೆಯ ವಿಷಯವೂ ಹೇಳಲಿಲ್ಲ.

ಗನ್ನು ನನ್ನ ಅಂಗಡಿ ಮೊಳೆಗೆ ನೇತಾಡುತ್ತಿದೆ.
ಅದನ್ನು ನೋಡಿ ಯಾರಾದರೂ ಬೈಕ್ ನಿಲ್ಲಿಸಿ
‘ವಾಟರ್ ಸರ್ವಿಸ್ ಇದೆಯಾ?’ ಅನ್ನುತ್ತಾರೆ.
ಇಲ್ಲ ಅನ್ನುತ್ತೇನೆ.
ಮಿಷನ್ನು ಬಾಣಂತನ ಮಾಡಲು ಹೋಗಿದೆ,
ಮಳ್ಳೂರಿಗೆ.