ಐದೂವರೆಯ ಬಾಗಿಲು

ಪುಣೆಯಲ್ಲಿ ನಾನಿರುವ ಕಡೆಗೆ ಪಾಷಾಣ ಎಂದು ಹೆಸರು.
ವಿಳಾಸ ಕೇಳಿ ಊರ ಕಡೆಯವರು ಒಮ್ಮೆ ಬೆಚ್ಚುತ್ತಾರೆ,
ಇಲಿಗೆ ಇಡುವುದಲ್ಲ, ಬರೀ ಕಲ್ಲು ಅನ್ನುತ್ತೇನೆ.

ಹಗಲೆಲ್ಲ ರಸ್ತೆಯಲ್ಲಿ ಲಾರಿ.
ನೆಲಮಾಳಿಗೆಯ ಸೂಕ್ಷ್ಮದರ್ಶಕಕ್ಕೆ ಅದು ಭೂಕಂಪ.
ಹಾಗಾಗಿ ನನ್ನ ದಿನ ಶುರುವಾಗುವುದು ರಾತ್ರಿ ಒಂದಕ್ಕೆ:
ಎ.ಸಿ. ನಿಲ್ಲಿಸಿ, ಫೋನು ಹೊರಗಿಟ್ಟು,
ಉಸಿರನ್ನೂ ತುಸು ಕಡಿಮೆ ಮಾಡಿ
ಎಲೆಕ್ಟ್ರಾನಿನ ತೆಳುಗೋಲನ್ನು ಹರಳಿನ ಮೇಲೆ ಇಳಿಸುತ್ತೇನೆ.

ಹರಳು ಅಂದರೆ ಮರಳಿನ ದಾಯಾದಿ.
ಸಿಲಿಕಾನು, ಆಮ್ಲಜನಕ, ನಡುವೆ ಸಾಲು ಸಾಲು ತೂತು.
ಅವ್ವ ಹಿಟ್ಟು ಸೋಸುವ ಸಾಣಿಗೆಯ ಹಾಗೆ ಎಂದು
ಹೊಸ ಹುಡುಗರಿಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.
ಸಾಣಿಗೆಗೆ ಅಲ್ಲಾಡಿಸುವ ಕೈ ಬೇಕು.

ಸೋಸಬೇಕಾದದ್ದು ಝೈಲೀನು.
ಆರ್ಥೋ, ಮೆಟಾ, ಪ್ಯಾರಾ, ಒಂದೇ ಬಸಿರಿನ ಮೂವರು.
ಅದೇ ಎಂಟು ಇಂಗಾಲ, ಅದೇ ಹತ್ತು ಜಲಜನಕ,
ತೂಕದಲ್ಲಿ ಗುಲಗಂಜಿಯಷ್ಟೂ ಹೆಚ್ಚುಕಮ್ಮಿಯಿಲ್ಲ;
ಎರಡು ಕೈ ಎಲ್ಲಿಂದ ಚಾಚಿವೆ ಅನ್ನುವುದಷ್ಟೇ ಬೇರೆ.
ಕಾಯಿಸಿದರೆ ಮೆಟಾ, ಪ್ಯಾರಾ ಜೊತೆಯಲ್ಲೇ ಕುದಿಯುತ್ತವೆ
ಒಂದು ಡಿಗ್ರಿ ಕೂಡ ಅಂತರ ಬಿಡದೆ.
ಹಾಲು ನೀರು ಬೇರೆ ಮಾಡಿತಂತೆ ಹಂಸ.
ಹಂಸಕ್ಕೆ ಸುಲಭದ ಪ್ರಶ್ನೆ ಕೊಟ್ಟಿದ್ದರು.
ಇಲ್ಲಿ ಹಾಲಿಗೆ ಹಾಲೇ ಬೆರೆತಿದೆ.

ಪ್ಯಾರಾ ಸಪೂರ. ಕಾರ್ಖಾನೆಯವರಿಗೆ ಬೇಕಾದದ್ದು ಅದೇ;
ಅದರಿಂದಲೇ ಪಾಲಿಯೆಸ್ಟರು, ನಾ ತೊಟ್ಟ ಈ ಕುರ್ತಾ,
ಬೆವರಿದರೆ ಬೆನ್ನಿಗೆ ಅಂಟುವಂಥದ್ದು.

ಮೂರಕ್ಕೆ ಚಿತ್ರ ಬಂತು. ಅಳೆದೆ.
ಬಾಗಿಲು ಐದೂವರೆ ಆಂಗ್‌ಸ್ಟ್ರಾಮ್.
ಮತ್ತೆ ಅಳೆದೆ. ಐದೂವರೆ.
ಪ್ಯಾರಾದ ಭುಜವೋ ಐದು ಮುಕ್ಕಾಲಿಗೂ ಮೇಲೆ.
ಲೆಕ್ಕದ ಪ್ರಕಾರ ಅದು ಹೊಸ್ತಿಲಲ್ಲೇ ಸಿಕ್ಕಿಕೊಳ್ಳಬೇಕು.
ಆದರೆ ಆಚೆಯ ಸೀಸೆಯಲ್ಲಿ
ತೊಟ್ಟು ತೊಟ್ಟಾಗಿ ಬಿದ್ದಿರುವುದು ಅದೇ.

ಮೂರನೆ ಮಹಡಿಯಲ್ಲಿ ಉಬೇದ್ ಶಿಕಲಗಾರ ಎದ್ದಿರುತ್ತಾನೆ.
ಅವನಜ್ಜ ಕರಾಡದ ಗಲ್ಲಿಗಳಲ್ಲಿ ಸಾಣೆಕಲ್ಲಿನ ಗಾಲಿ ತುಳಿದವರು;
ಇವನು ಝೈಲೀನಿನ ವಾಸನೆಯೇ ಗೊತ್ತಿರದ ರಸಾಯನಶಾಸ್ತ್ರಿ.
ಅವನ ಕಂಪ್ಯೂಟರಿನೊಳಗೊಂದು ಪೆಟ್ಟಿಗೆ. ಅಲ್ಲಿ
ಬಲಗೋಡೆ ದಾಟಿದ್ದು ಎಡಗೋಡೆಯಿಂದ ಒಳಬರುತ್ತದೆ,
ಹೊರಗೆ ಅನ್ನುವುದೇ ಇಲ್ಲ.
ಅದರ ನೂರು ನ್ಯಾನೋಸೆಕೆಂಡಿಗೆ
ನಮ್ಮ ಒಂಬತ್ತು ದಿನ, ಎರಡು ಸಲ ಕರೆಂಟು ಹೋದದ್ದು ಬಿಟ್ಟು.

‘ಅಕ್ಕಾ,’ ಅಂದ (ಅದು ಕನ್ನಡದ್ದೋ ಮರಾಠಿಯದ್ದೋ
ನಾವಿಬ್ಬರೂ ಸೋಸಿ ನೋಡಿಲ್ಲ),
‘ಮೊದಲು ಗೋಡೆಯ ಅಣುಗಳಿಗೆಲ್ಲ ಮೊಳೆ ಹೊಡೆದು ಓಡಿಸಿದ್ದೆ.
ಒಂದೂ ದಾಟಲಿಲ್ಲ. ಆಮೇಲೆ ಮೊಳೆ ಕಿತ್ತೆ.’

ಪರದೆಯ ಮೇಲೆ ಗೋಡೆ ಉಸಿರಾಡುತ್ತಿತ್ತು.
ಉಂಗುರ ಒಮ್ಮೆ ಚಪ್ಪಟೆ, ಒಮ್ಮೆ ದುಂಡು.
ಪ್ಯಾರಾ ಬಾಗಿಲಿಗೆ ಬಂದು, ಒಲೆದು, ಹಿಂದೆ ಸರಿದು,
ಮತ್ತೆ ಬಂದು, ಮತ್ತೆ ಸರಿದು
ಹನ್ನೆರಡನೆಯ ಸಲ
ಕೂದಲೆಳೆಯ ಇಪ್ಪತ್ತೈದು ಲಕ್ಷದಲ್ಲೊಂದು ಪಾಲು
ಕಲ್ಲು ಜಾಗ ಬಿಟ್ಟಿತು.

‘ಮೆಟಾ?’
‘ಅದೂ ಬರುತ್ತದೆ. ನಿಲ್ಲುತ್ತದೆ. ಹೋಗುತ್ತದೆ.’

ಮೆಟ್ಟಿಲಿಳಿಯುತ್ತ ಅವನ ಮೇಲೆ ಸಿಟ್ಟೂ ಬಂತು.
ಅವನ ಪ್ರತಿ ತಳ್ಳಾಟವೂ ಅವನೇ ಬರೆದ ಅಂಕಿ.
ನನ್ನದೇನು ಮಹಾ? ಗಾಳಿ ಹೀರಿ ಒಣಗಿಸಿ
ಕೋಲಿನಿಂದ ಸುಟ್ಟು ತೆಗೆದ ಮುಖ;
ಮೂರನೆ ಚಿತ್ರಕ್ಕೆ ಹರಳು ಸೋತು ಗಾಜಾಗಿರುತ್ತದೆ.
ನನ್ನದು ಸತ್ತದ್ದರ ಸಾಕ್ಷಿ,
ಅವನದು ಹುಟ್ಟದ್ದರ ಓಡಾಟ.
ನಡುವೆ ಎಲ್ಲೋ ಆ ಸೀಸೆ, ತೊಟ್ಟಿಕ್ಕುತ್ತಿದೆ.

ದೇವಧರ ಮೇಡಂಗೆ ಎಂಟರೊಳಗೆ ವರದಿ ಬೇಕು.
ಬಾಗಿಲಿನ ಅಗಲ: ಐದೂವರೆ ಎಂದು ತುಂಬಿ
ಹಿಂದೆ ‘ಸುಮಾರು’ ಸೇರಿಸಲು ಹೋದೆ.
ಆ ಕಾಲಂ ಅಕ್ಷರ ತೆಗೆದುಕೊಳ್ಳುವುದಿಲ್ಲ,
ಅಂಕಿ ಮಾತ್ರ.

ಐದೂ ಇಪ್ಪತ್ತಕ್ಕೆ ಮೊದಲ ಲಾರಿ.
ಪರದೆಯಲ್ಲಿ ಸಾಲು ಸಾಲು ಬಾಗಿಲು ನಡುಗಿದವು.
ದಿನವೂ ಬೈಯುತ್ತಿದ್ದೆ.
ಇವತ್ತು ಅದನ್ನೂ ಒಂದು ಚಿತ್ರ ತೆಗೆದೆ, ಪೂರ್ತಿ ಕಲಸಿದ್ದು,
ಫೈಲಿಗೆ ಹೆಸರು ಕೊಡದೆ ಇಟ್ಟುಕೊಂಡೆ.